ಮಲೆನಾಡಿನಲ್ಲಿ ಒಂದಂತಸ್ತಿನ ಮನೆ: ಖರ್ಚು, ಥಂಡಿ ಮತ್ತು ಬಚ್ಚಲ ಒಲೆ

ಜುಲೈ ತಿಂಗಳಲ್ಲಿ ನಮ್ಮ ಹಳೇ ಮನೆಯಲ್ಲಿ ಉಪ್ಪಿನ ಡಬ್ಬಿ ತೆಗೆದರೆ ನೀರು. ಬೀರು ತೆಗೆದರೆ ಚರ್ಮದ ಬೆಲ್ಟಿನ ಮೇಲೆ ಬೂಷ್ಟು. ಮೂರು ದಿನದ ಹಿಂದೆ ಒಗೆದ ಟವೆಲ್ಲು ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಥರ್ಮಾಮೀಟರ್ ನೋಡಿದರೆ 20 ಡಿಗ್ರಿ ತೋರಿಸುತ್ತಿತ್ತು. ದೆಹಲಿಯವರು ಇದನ್ನು ಚಳಿ ಅಂತ ಒಪ್ಪಿಕೊಳ್ಳುವುದೇ ಇಲ್ಲ. ಆದರೂ ಅಪ್ಪ ಕಂಬಳಿ ಹೊದ್ದು ಒಲೆ ಮುಂದೆ ಕೂತಿರುತ್ತಿದ್ದರು. ನಮ್ಮ ಕಡೆಯ ತೊಂದರೆ ಚಳಿಯಲ್ಲ, ಥಂಡಿ, ಅಂದರೆ ಗಾಳಿ ಗೋಡೆಯಲ್ಲೆಲ್ಲ ಕೂತ ತೇವ.

ಹೊಸ ಮನೆ ಕಟ್ಟುವಾಗ ಇದು ನನಗೆ ಮೊದಲ ದಿನವೇ ಹೊಳೆಯಲಿಲ್ಲ. ಎಲ್ಲರ ಹಾಗೆ ಎಲಿವೇಶನ್ನು, ಟಿವಿ ಗೋಡೆಯ ಡಿಸೈನು ಅಂತ ಶುರುಮಾಡಿದೆ. ಈಗ ಯಾರಾದರೂ ಕೇಳಿದರೆ ಹೇಳುವುದು ಒಂದೇ. ಮಲೆನಾಡಿನಲ್ಲಿ ಮೊದಲ ದುಡ್ಡು ಮಾಡಿಗೆ (ಛಾವಣಿಗೆ), ಎರಡನೆಯದು ಪಾಯಕ್ಕೆ ಮತ್ತು ಚರಂಡಿಗೆ, ಮೂರನೆಯದು ಬಚ್ಚಲಿಗೆ. ಉಳಿದದ್ದು ಆಮೇಲೆ. ಮೂಡಿಗೆರೆ, ಸಕಲೇಶಪುರ, ಕೊಪ್ಪ, ತೀರ್ಥಹಳ್ಳಿ, ಮಡಿಕೇರಿ ಸುತ್ತ ಮನೆ ಕಟ್ಟುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬಯಲುಸೀಮೆಯವರಿಗೆ ಲೆಕ್ಕದ ಭಾಗ ಉಪಯೋಗಕ್ಕೆ ಬಂದೀತು.

ಜಾಗ

ಜಾಗವನ್ನು ಮಾರ್ಚಿಯಲ್ಲಿ ನೋಡಿ ಒಪ್ಪಬೇಡಿ. ಆಗ ಎಲ್ಲ ಜಾಗವೂ ಚೆಂದವೇ. ಸಾಧ್ಯವಾದರೆ ಒಂದು ಮಳೆಗಾಲ ಕಾಯಿರಿ, ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ: ಆರಿದ್ರಾ ಮಳೆ ಹಿಡಿದಾಗ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಎಲ್ಲಿ ಜಲ ಏಳುತ್ತದೆ.

ಗುಡ್ಡ ಕಡಿದು ಸಮ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಜೆಸಿಬಿ ಒಂದು ದಿನ ಬಂದರೆ ಸಾಕಲ್ವಾ? ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಏನಾಯಿತು ಅನ್ನುವುದು ನಮಗೆಲ್ಲ ನೆನಪಿದೆ. ಮನೆ ಹಿಂದಿನ ದರೆಯನ್ನು (ಗುಡ್ಡದ ಅಂಚನ್ನು) ನೇರ ಗೋಡೆಯ ಹಾಗೆ ಕಡಿದು ಅದರ ಬುಡದಲ್ಲೇ ಮಲಗುವ ಕೋಣೆ ಕಟ್ಟುವುದು ದಡ್ಡತನ. ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಮನೆಯನ್ನು ಅದರಿಂದ ದೂರ ಇಡಿ. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು ನಾಲ್ಕೈದು ಅಡಿಗೊಂದು ಪೈಪ್ ತುಂಡು ಇಡಿಸಿ. ಗೋಡೆಯನ್ನು ಉರುಳಿಸುವುದು ಬರೀ ಮಣ್ಣಲ್ಲ, ಹಿಂದೆ ಕಟ್ಟಿಕೊಂಡ ನೀರು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ ಇವನ್ನೆಲ್ಲ ನೋಡಿಕೊಳ್ಳಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಬೇಕು. ಸಾಲ ಬೇಕಾದವರು ಈ ಎಲ್ಲವನ್ನೂ ಬ್ಯಾಂಕಿನ ವಕೀಲರಿಗೆ ತೋರಿಸಿದ ಮೇಲೆ ಅಡ್ವಾನ್ಸ್ ಕೊಡಿ, ಅದಕ್ಕೂ ಮೊದಲು ಬೇಡ. ನಮ್ಮ ಕಡೆ ಕಾಡಿನ ಗಡಿ ಎಲ್ಲಿದೆ ಅನ್ನುವ ತಕರಾರು ಜಾಸ್ತಿ. ಸರ್ವೆ ಮಾಡಿಸಿ ಕಲ್ಲು ನೆಡಿಸಿಕೊಂಡರೆ ನಿದ್ದೆ ಬರುತ್ತದೆ.

ಪ್ಲಾನು: ಗಾಳಿ ಯಾವ ಕಡೆಯಿಂದ?

ಬಂಗಲೆ ಅನ್ನುವ ಪದ ಬಂಗಾಳದ ಮನೆಯಿಂದ ಬಂದದ್ದು. ಒಂದೇ ಅಂತಸ್ತು, ಇಳಿಜಾರು ಮಾಡು, ಸುತ್ತ ಜಗುಲಿ. ಬ್ರಿಟಿಷ್ ಪ್ಲಾಂಟರುಗಳು ಅದನ್ನೇ ಕಾಫಿ ತೋಟಗಳಿಗೆ ತಂದರು, ಜೊತೆಗೆ ಗೋಡೆಯೊಳಗಿನ ಅಗ್ಗಿಷ್ಟಿಕೆಯನ್ನೂ ತಂದರು. ಆ ಜಗುಲಿ ಶೋಕಿಗೆ ಇದ್ದದ್ದಲ್ಲ. ಮಳೆ ಗೋಡೆಗೆ ಬಡಿಯದಿರಲಿ ಅಂತ ಇದ್ದದ್ದು.

ಮುಂಗಾರಿನ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ. ಆ ಕಡೆಯ ಗೋಡೆ ಮೂರು ತಿಂಗಳು ನೆನೆಯುತ್ತಲೇ ಇರುತ್ತದೆ. ಆದ್ದರಿಂದ ಅಲ್ಲಿ ಜಗುಲಿ, ಸ್ಟೋರು, ಕಾರಿನ ಶೆಡ್ಡು ಹಾಕಿ. ಮಲಗುವ ಕೋಣೆಗಳು ಪೂರ್ವಕ್ಕಿರಲಿ, ಬೆಳಗಿನ ಬಿಸಿಲು ಹಾಸಿಗೆಗೆ ಬೀಳಲಿ. ಒಲೆ ಇರುವ ಬಚ್ಚಲು ಆಗ್ನೇಯಕ್ಕೆ ಬಂದರೆ ಹೊಗೆ ಮನೆಯೊಳಗೆ ನುಗ್ಗದೆ ಆಚೆ ಹೋಗುತ್ತದೆ. ವಾಸ್ತು ಹೇಳುವವರೂ ಬೆಂಕಿಗೆ ಆಗ್ನೇಯ ಅನ್ನುತ್ತಾರೆ. ಇದೊಂದು ವಿಷಯದಲ್ಲಿ ನಾನೂ ನಮ್ಮ ಅಮ್ಮನೂ ಜಗಳವಾಡಲಿಲ್ಲ.

ನಮ್ಮದು 14 ಚದರ, ಅಂದರೆ 1,400 ಚದರಡಿ. ಮೂರು ಮಲಗುವ ಕೋಣೆ, ಹಾಲು, ಅಡುಗೆಮನೆ, ಎರಡು ಬಾತ್‌ರೂಮು, ಒಂದು ದೊಡ್ಡ ಬಚ್ಚಲು. ಅಪ್ಪ ಅಮ್ಮ ಇರುವ ಮನೆ ಅಂದಮೇಲೆ ಮೆಟ್ಟಿಲು ಬೇಡ ಅಂತಲೇ ಒಂದೇ ಅಂತಸ್ತು. ಆದರೆ ಒಂದು ಮಾತು. ಇಷ್ಟೇ ಚದರಡಿಯನ್ನು ಎರಡು ಅಂತಸ್ತಿನಲ್ಲಿ ಕಟ್ಟಿದರೆ ಪಾಯ ಮತ್ತು ಮಾಡು ಎರಡೂ ಅರ್ಧಕ್ಕೆ ಇಳಿಯುತ್ತವೆ. ಒಂದಂತಸ್ತು ಅಗ್ಗ ಅನ್ನುವುದು ತಪ್ಪು ತಿಳಿವಳಿಕೆ. ಅದು ಸುಖ, ಅಗ್ಗವಲ್ಲ.

ಬಾಗಿಲುಗಳನ್ನು ಮೂರು ಅಡಿ ಅಗಲ ಇಡಿ. ಬಾತ್‌ರೂಮಿಗೂ ಅಷ್ಟೇ. ನಾಳೆ ವಾಕರ್ ಬಂದರೆ, ಗಾಲಿಕುರ್ಚಿ ಬಂದರೆ ಗೋಡೆ ಒಡೆಯುವುದು ತಪ್ಪುತ್ತದೆ.

ಲೆಕ್ಕದ ಪುಸ್ತಕ

ನಮ್ಮ ಅಂದಾಜು 29 ಲಕ್ಷ. ಮುಗಿದಾಗ 34.6 ಲಕ್ಷ. ಅಂದರೆ ಚದರಡಿಗೆ ಸುಮಾರು 2,470 ರೂಪಾಯಿ. ಜಾಗದ ಬೆಲೆ ಇದರಲ್ಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಪುಸ್ತಕ ಈಗಲೂ ಇದೆ, ಅದನ್ನೇ ನೋಡಿ ಹೇಳುತ್ತೇನೆ.

ನೆಲ ಸಮ ಮಾಡಿಸಿದ್ದು, ಪಾಯ, ಪ್ಲಿಂತ್ (ಪಾಯದ ಮೇಲೆ ಮನೆಯ ನೆಲದ ಮಟ್ಟದವರೆಗಿನ ಕಟ್ಟೆ) ಸೇರಿ 4.6 ಲಕ್ಷ. ಗೋಡೆ, ಲಿಂಟಲ್ (ಕಿಟಕಿ ಬಾಗಿಲ ಮೇಲಿನ ತೊಲೆ), ಸಜ್ಜಾ 5.4. ತಾರಸಿ ಮತ್ತು ಅದರ ಮೇಲಿನ ಹೆಂಚಿನ ಮಾಡು 6.8. ಕಿಟಕಿ ಬಾಗಿಲು 4.1. ಗಾರೆ ಮತ್ತು ನೆಲ 4.9. ವೈರಿಂಗ್, ಪ್ಲಂಬಿಂಗ್ 3.6. ಬಣ್ಣ 1.5. ಬಚ್ಚಲ ಒಲೆ, ಬಾಯ್ಲರ್, ಸೋಲಾರ್ 1.3. ಕೊನೆಗೆ ಸೆಪ್ಟಿಕ್ ಟ್ಯಾಂಕು, ಚರಂಡಿ, ತಡೆಗೋಡೆ 2.4. ಈ ಕೊನೆಯ 2.4 ಲಕ್ಷ ಮೊದಲಿನ ಅಂದಾಜಿನಲ್ಲಿ ಇರಲೇ ಇಲ್ಲ. ಇಂಜಿನಿಯರು ಮನೆಯ ಅಂದಾಜು ಕೊಡುತ್ತಾರೆ, ಅಂಗಳದ್ದಲ್ಲ. ನೀವು ಕೇಳಿ ಬರೆಸಿಕೊಳ್ಳಬೇಕು. ಉಳಿದ ಹೆಚ್ಚಳ ಕಿಟಕಿ ಬಾಗಿಲು ಮತ್ತು ನೆಲದ್ದು. ಅದಕ್ಕೆ ನಾವೇ ಕಾರಣ. ಅಂಗಡಿಗೆ ಹೋದಮೇಲೆ ಮನಸ್ಸು ಬದಲಾಗುತ್ತದೆ.

ಕಾಂಟ್ರಾಕ್ಟ್ ಎರಡು ಥರ. ಸಾಮಾನು ಸಮೇತ ಕೊಡುವುದು ಒಂದು, ಬರೀ ಲೇಬರ್ ಕೊಟ್ಟು ಸಾಮಾನು ನಾವೇ ತರುವುದು ಇನ್ನೊಂದು. ದಿನಾ ಸೈಟಿಗೆ ಹೋಗಲು ಆಗುವವರಿಗೆ ಮಾತ್ರ ಎರಡನೆಯದು. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಮರಳು ತರಿಸಿದರೆ ಲೋಡು ಎಷ್ಟು ಬಂತು ಅಂತ ಯಾರು ಅಳೆಯುತ್ತಾರೆ?

ಕಬ್ಬಿಣವನ್ನು ತೂಕ ಮಾಡಿ ತೆಗೆದುಕೊಳ್ಳಿ. ಲೆಕ್ಕ ಸುಲಭ. ಕಂಬಿಯ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕೆಜಿ, 12 ಮೀಟರಿನ ಪೂರ್ತಿ ಕಂಬಿ ಹತ್ತೂಮುಕ್ಕಾಲು ಕೆಜಿಯ ಹತ್ತಿರ. ತೀರಾ ಕಡಿಮೆ ಬಂದರೆ ಲಾರಿ ವಾಪಸ್ಸು ಕಳಿಸಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ಕೊಟೇಶನ್ ಹಿಡಿದು ಬಂದವರಿಗೆ ಇದನ್ನು ನೆನಪಿಸಿ.

ಸಾಲದ ಬಗ್ಗೆ: 20 ಲಕ್ಷವನ್ನು ಶೇ. 8.5 ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು 17,356 ರೂಪಾಯಿ. ಬ್ಯಾಂಕು ದುಡ್ಡನ್ನು ಒಂದೇ ಸಲ ಕೊಡುವುದಿಲ್ಲ. ಪಾಯ, ಗೋಡೆ, ತಾರಸಿ ಅಂತ ಹಂತ ಮುಗಿದ ಮೇಲೆ ಕೊಡುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ಮೊದಲು ನಿಮ್ಮ ಕೈಯಿಂದ ಹೋಗಬೇಕು. ಅದಕ್ಕೆಂದು ನಾಲ್ಕೈದು ಲಕ್ಷ ಬೇರೆ ಇರಲಿ, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ನಿಂತ ಕೆಲಸದಿಂದ ಹೋದ ಮೇಸ್ತ್ರಿ ಮತ್ತೆ ಸಿಗುವುದು ಕಷ್ಟ.

ಕೆಲಸ ಯಾವಾಗ ಶುರು

ನವೆಂಬರಿನಲ್ಲಿ ಗುದ್ದಲಿ ಪೂಜೆ. ಡಿಸೆಂಬರ್ ಮುಗಿಯುವುದರೊಳಗೆ ಪ್ಲಿಂತ್, ಫೆಬ್ರವರಿ ಕೊನೆಗೆ ಗೋಡೆ, ಮಾರ್ಚಿ ಮಧ್ಯಕ್ಕೆ ತಾರಸಿ, ಮೇ 15ರೊಳಗೆ ಮಾಡು. ಒಳಗಿನ ಕೆಲಸ ಮಳೆಯಲ್ಲೂ ನಡೆಯುತ್ತದೆ. ಯುಗಾದಿಗೆ ಊರಿಗೆ ಹೋದ ಗಾರೆಯವರು ವಾರ ಬಿಟ್ಟು ಬರುತ್ತಾರೆ. ಅದನ್ನೂ ಲೆಕ್ಕಕ್ಕೆ ಸೇರಿಸಿ. ಮನೆಯೊಳಗಿನ ಬಣ್ಣವನ್ನು ಮಾತ್ರ ಮೊದಲ ವರ್ಷ ಹೊಡೆಸಬೇಡಿ, ಪ್ರೈಮರ್ ಸಾಕು. ಗೋಡೆ ಒಂದು ಬೇಸಿಗೆ ಒಣಗಲಿ. ಅವಸರಕ್ಕೆ ಹೊಡೆಸಿದ ಬಣ್ಣ ಆಗಸ್ಟಿಗೆ ಹಪ್ಪಳದ ಹಾಗೆ ಏಳುತ್ತದೆ.

ಪ್ಲಿಂತ್ ನೆಲದಿಂದ ಎರಡೂವರೆ ಅಡಿ ಮೇಲೆ ಬರಲಿ. ಅದರ ಮೇಲೆ ಥಂಡಿ ಹತ್ತದಂತೆ ತಡೆಯುವ ಕಾಂಕ್ರೀಟಿನ ಪಟ್ಟಿ, ಸುತ್ತ ಕಲ್ಲಿನ ಚರಂಡಿ. ಗೋಡೆಗೆ ಜಂಬಿಟ್ಟಿಗೆ ಕಲ್ಲು ಸಿಕ್ಕರೆ ಒಳ್ಳೆಯದು. ಆದರೆ ಅದು ನೀರು ಕುಡಿಯುತ್ತದೆ, ಹೊರಗೆ ಗಾರೆ ಬೇಕು. ಇಲ್ಲದಿದ್ದರೆ ಸೂರು ಮೂರು ಅಡಿಯಾದರೂ ಚಾಚಿರಬೇಕು.

ತಾರಸಿ ಹಾಕುವ ದಿನ ನೀವೇ ನಿಂತಿರಿ. ಕಾಂಕ್ರೀಟು ಸಲೀಸಾಗಿ ಹರಿಯಲಿ ಅಂತ ಮಿಕ್ಸರಿಗೆ ನೀರು ಸುರಿಯುತ್ತಲೇ ಇರುತ್ತಾರೆ. 50 ಕೆಜಿ ಮೂಟೆಗೆ 25 ಲೀಟರ್ ಆಸುಪಾಸಿನಲ್ಲಿ ನಿಲ್ಲಬೇಕು. ನಾನು ಬಕೆಟ್ಟಿಗೆ ಪೇಂಟಿನಲ್ಲಿ ಗೆರೆ ಎಳೆದಿದ್ದೆ. ಮೇಸ್ತ್ರಿ ನೋಡಿ ನಕ್ಕರು. "ಸಾರ್, ಇದು ಅಡುಗೆ ಅಲ್ಲ" ಅಂದರು. "ಅಡುಗೆ ಕೆಟ್ಟರೆ ಒಂದು ಹೊತ್ತು ಉಪವಾಸ ಇರಬಹುದು ಮೇಸ್ತ್ರಿ" ಅಂದೆ. ಆಮೇಲೆ ಅವರೇ ಹುಡುಗರಿಗೆ ಗೆರೆ ತೋರಿಸುತ್ತಿದ್ದರು. ಮರುದಿನದಿಂದ ಮಣ್ಣಿನ ಕಟ್ಟೆ ಕಟ್ಟಿ 14 ದಿನ ನೀರು ನಿಲ್ಲಿಸಿ.

ಮಾಡು

ಇಲ್ಲಿ ಮೂರು ದಾರಿ ಇದೆ. ಬರೀ ಸಪಾಟು ತಾರಸಿ ಹಾಕಿದವರು ಕೆಲವು ಮಳೆಗಾಲದ ನಂತರ ಅದರ ಮೇಲೆ ಶೀಟು ಹೊದಿಸುತ್ತಾರೆ. ನಮ್ಮ ರಸ್ತೆಯಲ್ಲೇ ನಾಲ್ಕು ಮನೆ ತೋರಿಸಬಲ್ಲೆ. ಬರೀ ಹೆಂಚಿನ ಮಾಡು ಹಾಕಿದರೆ ನೋಡಲು ಚೆಂದ, ಖರ್ಚೂ ಕಡಿಮೆ. ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಒಲೆಯ ಬಿಸಿ ಎಲ್ಲ ಮೇಲೆ ಹೋಗುತ್ತದೆ, ಕೆಳಗೆ ಸೀಲಿಂಗ್ ಮಾಡಿಸದೆ ಗತಿಯಿಲ್ಲ. ಮೂರನೆಯದು, ತಾರಸಿ ಹಾಕಿ ಅದರ ಮೇಲೆ ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ನಿಲ್ಲಿಸಿ ಹೆಂಚು ಹೊದಿಸುವುದು. ದುಬಾರಿ, ಆದರೆ ನಾನು ಇದನ್ನೇ ಹೇಳುತ್ತೇನೆ. ತಾರಸಿ ನೆನೆಯುವುದಿಲ್ಲ, ಆದ್ದರಿಂದ ಮನೆ ಬೆಚ್ಚಗಿರುತ್ತದೆ. ನಡುವೆ ಒಂದು ದೊಡ್ಡ ಅಟ್ಟ ಸಿಗುತ್ತದೆ. ಬಟ್ಟೆ, ಮೆಣಸು, ಅಡಿಕೆ, ಮಕ್ಕಳ ಸೈಕಲ್ಲು, ಎಲ್ಲಕ್ಕೂ ಜಾಗ.

ಮಂಗಳೂರು ಹೆಂಚು ಒಂದು ಚದರಕ್ಕೆ ಸುಮಾರು 150 ಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಆ ಹೆಂಚು ನಮ್ಮ ಮಳೆಗೆ ಈಗಲೂ ಸರಿಸಾಟಿ. ಹಳೇ ಮನೆ ಕೆಡವಿದ ಹೆಂಚು ಸಿಕ್ಕರೆ ಬಿಡಬೇಡಿ. ಬೆರಳಿನಿಂದ ತಟ್ಟಿ ನೋಡಿ, ಠಣ್ ಅಂದರೆ ಒಳ್ಳೆಯದು, ಬೊದ್ ಅಂದರೆ ಬಿರುಕು. ಮಾಡಿನ ಇಳಿಜಾರು 30 ಡಿಗ್ರಿ ಇರಲಿ. ಕಡಿಮೆ ಮಾಡಿದರೆ ಗಾಳಿಮಳೆ ನೀರನ್ನು ಹೆಂಚಿನಡಿಗೆ ನೂಕುತ್ತದೆ.

ಬಿಸಿನೀರು: ಕರೆಂಟೋ, ಬಿಸಿಲೋ, ಸೌದೆಯೋ

ನಮ್ಮಲ್ಲಿ ಹೀಟಿಂಗ್ ಅಂದರೆ ಮೊದಲು ಬಿಸಿನೀರು. ಲೆಕ್ಕ ಹಾಕೋಣ. ಐದು ಜನ, ಒಬ್ಬರಿಗೆ 40 ಲೀಟರ್, ಒಟ್ಟು 200 ಲೀಟರ್. 20 ಡಿಗ್ರಿಯ ನೀರನ್ನು 45ಕ್ಕೆ ಏರಿಸಲು ಸುಮಾರು 6 ಯೂನಿಟ್ ಬೇಕು. ತಿಂಗಳಿಗೆ 175ರಿಂದ 180. ಫ್ರಿಜ್ಜು, ಮಿಕ್ಸಿ, ದೀಪ ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ಗಡಿ ದಾಟಿತು. ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಅದಿರಲಿ, ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟೇ ಇರುವುದಿಲ್ಲ. ಗೀಸರ್ ಒಂದನ್ನೇ ನಂಬಿದವರು ಆಗ ಪಕ್ಕದ ಮನೆಯ ಹಂಡೆಗೆ ಬರುತ್ತಾರೆ.

200 ಲೀಟರಿನ ಸೋಲಾರ್ 30ರಿಂದ 45 ಸಾವಿರಕ್ಕೆ ಸಿಗುತ್ತದೆ. ಅಕ್ಟೋಬರಿನಿಂದ ಮೇವರೆಗೆ ಅದಕ್ಕಿಂತ ಸುಖ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ, ನಮಗೆ ಬಿಸಿನೀರು ತೀರಾ ಬೇಕಾದಾಗ, ಅದು ರಜದ ಮೇಲೆ ಹೋಗುತ್ತದೆ. ಹೀಟ್ ಪಂಪ್ ಅಂತ ಹೊಸದು ಬಂದಿದೆ. ಗಾಳಿಯ ಬಿಸಿಯನ್ನು ಎಳೆದುಕೊಂಡು 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಒಳ್ಳೆಯದೇ, ಆದರೆ ದುಬಾರಿ. ಕೆಟ್ಟರೆ ರಿಪೇರಿಯವರು ಪೇಟೆಯಿಂದ ಘಟ್ಟ ಹತ್ತಿ ಬರಬೇಕು.

ಹಾಗಾಗಿ ಬಚ್ಚಲ ಒಲೆ. ತೋಟ ಇರುವವರಿಗೆ ತೆಂಗಿನ ಮಟ್ಟೆ, ಅಡಿಕೆ ಸೋಗೆ, ಕಾಫಿ ಗಿಡ ಸವರಿದ ಕಡ್ಡಿ, ಸಿಲ್ವರ್ ಓಕ್ ಕೊಂಬೆ ಎಲ್ಲ ಸುಮ್ನೆ ಬಿದ್ದಿರುತ್ತದೆ. ಬೆಂಕಿ ಹಾಕುವ ಬಾಯಿ ಹೊರಗಿನ ಜಗುಲಿಗೆ ಇರಲಿ, ಬಚ್ಚಲೊಳಗೆ ಬೇಡ. ಆಗ ಹೊಗೆ, ಬೂದಿ ಎರಡೂ ಹೊರಗೆ. ಪಕ್ಕದಲ್ಲೇ ಸೌದೆಗೆ ಒಂದು ಗೂಡು ಕಟ್ಟಿಸಿ. ಇಡೀ ಮಳೆಗಾಲದ ಸೌದೆ ಏಪ್ರಿಲ್ಲಿನಲ್ಲೇ ಅಲ್ಲಿ ಒಟ್ಟಿರಬೇಕು. ಹೊಗೆ ಕೊಳವೆಗೆ ಆರು ಇಂಚಿನ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಹಾಕಿ, ಮಾಡಿನ ಮರದ ರೀಪು ಪಕಾಸಿಗೆ ತಾಗದಂತೆ ಒಂದೂವರೆ ಅಡಿ ದೂರ ಇಡಿ.

ನಮ್ಮ ಮನೆಯಲ್ಲಿ ಆದ ಒಂದು ಎಡವಟ್ಟು ಹೇಳಬೇಕು. ಹಂಡೆಯ ಬದಲು ತಾಮ್ರದ ಬಾಯ್ಲರ್ ಇಟ್ಟು, ಅಲ್ಲಿಂದ ಎರಡೂ ಬಾತ್‌ರೂಮಿಗೆ ಪೈಪ್ ಎಳೆಸಿದೆ. ಪ್ಲಂಬರು ಬಾಯ್ಲರಿನ ಬಾಯಿಗೇ ಪ್ಲಾಸ್ಟಿಕ್ ಪೈಪ್ ಸೇರಿಸಿ ಹೋದರು. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಸ್ನಾನ ಮಾಡಬೇಕಲ್ಲ, ನಸುಕಿನಲ್ಲೇ ಉರಿ ಜೋರಾಗಿ ಹಾಕಿದ್ದೆವು. ನೀರು ಕೊತಕೊತ ಕುದಿಯಿತು. ಪೈಪು ಬೆಂದ ಶ್ಯಾವಿಗೆಯ ಹಾಗೆ ಜೋತುಬಿದ್ದು, ಸೇರಿಸಿದ ಕಡೆ ಬಿಟ್ಟುಕೊಂಡು, ಬಿಸಿನೀರು ಬಚ್ಚಲ ತುಂಬ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬಿಸಿನೀರಿಗೆ ಅಂತಲೇ ಬರುವ ಸಿಪಿವಿಸಿ ಪೈಪು ಕೂಡ ತಡೆಯುವುದು 93 ಡಿಗ್ರಿವರೆಗೆ. ಸೌದೆ ಒಲೆಗೆ ಥರ್ಮೋಸ್ಟಾಟ್ ಇಲ್ಲ. ಆದ್ದರಿಂದ ಬಾಯ್ಲರಿನಿಂದ ಮೊದಲ ಐದಾರು ಅಡಿ ತಾಮ್ರ ಅಥವಾ ಜಿಐ ಇರಲಿ. ಅದಕ್ಕಿಂತ ಮುಖ್ಯ, ಬಾಯ್ಲರಿನ ತಲೆಯಿಂದ ಒಂದು ಪೈಪು ಮೇಲಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಬಾಯಿ ತೆರೆದುಕೊಂಡಿರಬೇಕು. ಅದಕ್ಕೆ ವಾಲ್ವ್ ಹಾಕಬಾರದು, ಮುಚ್ಚಳ ಹಾಕಬಾರದು. ಹಬೆಗೆ ದಾರಿ ಇಲ್ಲದ ಬಾಯ್ಲರ್ ಬಾಂಬು.

ಈಗ ನಮ್ಮಲ್ಲಿ ಸೋಲಾರ್ ಮತ್ತು ಬಾಯ್ಲರ್ ಎರಡೂ ಒಂದೇ ಬಿಸಿನೀರಿನ ಲೈನಿಗೆ ಬರುತ್ತವೆ, ನಡುವೆ ಎರಡು ವಾಲ್ವು. ದಸರೆಗೆ ಒಂದನ್ನು ತಿರುಗಿಸುತ್ತೇನೆ, ಮೃಗಶಿರಾ ಮಳೆ ಹಿಡಿದಾಗ ಇನ್ನೊಂದನ್ನು. ಅಪ್ಪನ ಬಾತ್‌ರೂಮಿನಲ್ಲಿ ಮಾತ್ರ ಮೂರು ಲೀಟರಿನ ಪುಟ್ಟ ಗೀಸರ್ ಇದೆ, ರಾತ್ರಿ ಕೈ ತೊಳೆಯಲು.

ಒಲೆಯ ಮೇಲಿನ ಜಾಗ ವ್ಯರ್ಥ ಮಾಡಬೇಡಿ. ನಾವು ಒಲೆಯ ಗೋಡೆಗೆ ತಾಗಿದಂತೆ ಆರಡಿ ನಾಲ್ಕಡಿಯ ಒಂದು ಸಣ್ಣ ಕೋಣೆ ಬಿಟ್ಟೆವು. ಬಿದಿರಿನ ನಾಲ್ಕು ಗಳ, ಮೇಲೆ ಗಾಳಿ ಹೋಗಲು ಒಂದು ಕಿಂಡಿ. ರಾತ್ರಿ ನೇತುಹಾಕಿದ ಶಾಲೆಯ ಯೂನಿಫಾರ್ಮ್ ಬೆಳಿಗ್ಗೆ ಗರಿಗರಿ. ಪ್ಲಾನಿನಲ್ಲಿ ನನ್ನ ಹೆಂಡತಿ ಸೇರಿಸಿದ್ದು ಇದೊಂದೇ. ಇಡೀ ಮನೆಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಇದೇ.

ಕೋಣೆಯೊಳಗಿನ ಬೆಂಕಿ

ಎಸ್ಟೇಟ್ ಬಂಗಲೆ ನೋಡಿ ಬಂದವರಿಗೆಲ್ಲ ಹಾಲಿನಲ್ಲಿ ಅಗ್ಗಿಷ್ಟಿಕೆ ಬೇಕು ಅನ್ನಿಸುತ್ತದೆ. ಮಾಡಿಸಬಹುದು. ಆದರೆ ತೆರೆದ ಅಗ್ಗಿಷ್ಟಿಕೆಯ ಬಿಸಿ ಬಹುಪಾಲು ಚಿಮಣಿಯಲ್ಲೇ ಹೋಗುತ್ತದೆ. ಬಾಗಿಲಿರುವ ಕಬ್ಬಿಣದ ಸ್ಟೌವ್ ಇದಕ್ಕಿಂತ ವಾಸಿ. ತೆರೆದದ್ದೇ ಬೇಕು ಅನ್ನುವವರು ಚಿಮಣಿಯ ಅಳತೆ ತಪ್ಪಬೇಡಿ. ಅಗ್ಗಿಷ್ಟಿಕೆಯ ಬಾಯಿಯ ಹತ್ತನೇ ಒಂದು ಪಾಲು ಚಿಮಣಿಯ ಒಳಗಾತ್ರ ಇರಬೇಕು. ಬಾಯಿ ಮೂರಡಿ ಅಗಲ, ಎರಡೂವರೆ ಅಡಿ ಎತ್ತರ ಇದ್ದರೆ ಚಿಮಣಿ ಒಳಗೆ 9 ಇಂಚು, 12 ಇಂಚು. ತುದಿ ಮಾಡಿನ ಕೋಡಿಗಿಂತ ಎರಡಡಿ ಮೇಲೆ. ಇಷ್ಟಿಲ್ಲದಿದ್ದರೆ ಹೊಗೆ ಕೋಣೆಗೇ ವಾಪಸ್ಸು.

ಒಂದು ಎಚ್ಚರಿಕೆ. ಬಾಣಲೆಯಲ್ಲಿ ಕೆಂಡ ತಂದು ಕೋಣೆಯ ಬಾಗಿಲು ಹಾಕಿ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಗ್ಯಾಸ್ ಗೀಸರಿನದ್ದೂ ಇದೇ ಕಥೆ. ಅದು ಬಾತ್‌ರೂಮಿನ ಹೊರಗಿನ ಗೋಡೆಗೆ ಇರಬೇಕು, ಒಳಗಲ್ಲ.

ಕರೆಂಟಿನ ರೂಮ್ ಹೀಟರ್ ವಯಸ್ಸಾದವರ ಕೋಣೆಗೆ ಒಂದು ಇರಲಿ. ಅದಕ್ಕೆ 16 ಆಂಪಿಯರಿನ ಪಾಯಿಂಟು ಈಗಲೇ ಇಡಿಸಿ. ನೆಲಕ್ಕೆ ನುಣುಪು ಟೈಲ್ಸ್ ಹಾಕಿದರೆ ಮಳೆಗಾಲದಲ್ಲಿ ಬೆವರುತ್ತದೆ, ಅಪ್ಪನ ಕಾಲು ಜಾರಿದರೆ ಕಷ್ಟ. ನಾವು ಅವರ ಕೋಣೆಗೆ ರೆಡ್ ಆಕ್ಸೈಡ್ ಹಾಕಿಸಿದೆವು. ಎಲ್ಲ ಕೋಣೆಗೂ ಸೀಲಿಂಗಿನ ಕೆಳಗೆ ಎದುರು ಬದುರು ವೆಂಟಿಲೇಟರ್ ಬೇಕು. ಬೆಚ್ಚಗಿರಲಿ ಅಂತ ಎಲ್ಲ ಮುಚ್ಚಿದರೆ ಉಸಿರಿನ ನೀರೇ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ.

ಕೊನೆಯ ಕಂತು

ಕಾಂಟ್ರಾಕ್ಟರಿಗೆ ಶೇ. 5ರಷ್ಟು ದುಡ್ಡನ್ನು ಒಂದು ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಅಂತ ಮೊದಲೇ ಕಾಗದದಲ್ಲಿ ಬರೆಸಿ. ಸೋರುವುದು ಗೊತ್ತಾಗುವುದು ಗೃಹಪ್ರವೇಶದ ದಿನ ಅಲ್ಲ, ಪುಷ್ಯ ಮಳೆಯಲ್ಲಿ. ನಮ್ಮಲ್ಲಿ ಎರಡು ಕಡೆ ಹನಿಯಿತು, ಎರಡೂ ಮಾಡಿನ ಎರಡು ಮುಖ ಕೂಡುವ ಕಣಿವೆಯ ತಗಡಿನಲ್ಲಿ. ದುಡ್ಡು ಬಾಕಿ ಇದ್ದದ್ದಕ್ಕೆ ಅವರು ಫೋನ್ ಮಾಡಿದ ಮರುದಿನವೇ ಬಂದರು.

ಪ್ರತಿ ವರ್ಷ ಮೇ ಎರಡನೇ ವಾರದಲ್ಲಿ ಹೊಗೆ ಕೊಳವೆ ಬಿಚ್ಚಿ ಮಸಿ ತೆಗೆಸಿ, ಚರಂಡಿಯ ಎಲೆ ತೆಗೆಸಿ, ಕೋತಿ ಕುಣಿದು ಒಡೆದ ಹೆಂಚು ಬದಲಿಸಿ. ಅದಕ್ಕೆಂದು ಕಟ್ಟುವಾಗಲೇ 50 ಹೆಂಚು ಜಾಸ್ತಿ ತಂದು ಅಟ್ಟದಲ್ಲಿ ಇಟ್ಟಿರಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಆಮೇಲೆ ಹುಡುಕಿದರೆ ಅದೇ ಅಳತೆಯದ್ದು ಸಿಗುವುದಿಲ್ಲ. ನಮ್ಮ ಅಟ್ಟದಲ್ಲಿ ಈಗ 31 ಉಳಿದಿದೆ.